ಕಿವಿಯ ಅಳತೆಗೊಂದು ಹೆಡ್‌ಫೋನ್

ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ ನನ್ನ ತಂಗಿಯ ಮಗ ಮನೆಗೆ ಬಂದ. ಊರು ಮುಂಡರಗಿ. ಗದಗಿನಲ್ಲಿ ಖೋಲಿ ಹಿಡಿದುಕೊಂಡು ಸರ್ಕಾರಿ ನೌಕರಿಯ ಪರೀಕ್ಷೆಗೆ ಓದುತ್ತಿದ್ದಾನೆ. ಬಂದವನೇ ಕೊರಳಲ್ಲಿದ್ದ ಹೆಡ್‌ಫೋನ್ ತೆಗೆದು ಮೇಜಿನ ಮೇಲಿಟ್ಟ. ಎರಡೂ ಕಿವಿಗಳ ಮೇಲಂಚು ಕೆಂಪಗೆ ಕಂದಿತ್ತು. ನೆತ್ತಿಯ ಕೂದಲು ಪಟ್ಟಿಯ ಅಗಲಕ್ಕೆ ಒತ್ತಿ ಕುಳಿತಿತ್ತು. ಬಿಳಿ ಅಂಗಿಯ ಕಾಲರಿನ ಮೇಲೆ ಕರಿ ಹೊಟ್ಟಿನಂಥ ಚೂರುಗಳು ಉದುರಿದ್ದವು.

“ಮಾಮಾ, ಎರಡು ತಾಸು ಹಾಕ್ಕೊಂಡು ಕುಂತ್ರ ಕಿವಿ ಸುಟ್ಟಂಗ ಆಕ್ಕಾವು. ತಗದ್ರ ಬಾಜು ಖೋಲಿ ಟಿವಿ ಸಪ್ಪಳಕ್ಕ ಓದಾಕ ಆಗೂದಿಲ್ಲ,” ಅಂದ.

ಒಂದೂವರೆ ಸಾವಿರ ರೂಪಾಯಿ ಕೊಟ್ಟಿದ್ದನಂತೆ. ಡಬ್ಬಿಯ ಮೇಲಿದ್ದ ಬಣ್ಣ, ಬೇಸಿನ ಹೊಗಳಿಕೆ, ಗೆಳೆಯರ ಮಾತು, ಇಷ್ಟನ್ನು ನಂಬಿ ಕೊಂಡಿದ್ದ. ತನ್ನ ಕಿವಿಯನ್ನು ಮಾತ್ರ ಕೇಳಿರಲಿಲ್ಲ. ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯ ಎಷ್ಟೋ ಮನೆಗಳಲ್ಲಿ ಇಂಥ ಹುಡುಗ ಹುಡುಗಿಯರು ದಿನಕ್ಕೆ ನಾಲ್ಕೈದು ತಾಸು ಮೊಬೈಲಿನಲ್ಲಿ ಪಾಠ ಕೇಳುತ್ತಾರೆ. ಅವರಿಗೂ ಅವರಿಗೆ ದುಡ್ಡು ಕೊಡುವ ಅಪ್ಪ-ಅವ್ವಂದಿರಿಗೂ ನಾನು ಹೇಳಬೇಕೆಂದಿರುವುದು ಇಷ್ಟೇ: ಹೆಡ್‌ಫೋನಿನಲ್ಲಿ ಹಿತ ಎಂಬುದು ಸಿರಿವಂತರ ಚೈನಿಯಲ್ಲ, ಅದೇ ಮೊದಲ ಗುಣ. ತಾಸುಗಟ್ಟಲೆ ಕೇಳುವವನಿಗೆ ಹಿತವಿಲ್ಲದ ಹೆಡ್‌ಫೋನ್ ಎಷ್ಟು ಅಗ್ಗಕ್ಕೆ ಸಿಕ್ಕರೂ ತುಟ್ಟಿಯೇ.

ನಮ್ಮ ಭಾಗ ಕೇಳುವಿಕೆಗೆ ಹೆಸರಾದ ನೆಲ. 1922ರಲ್ಲಿ ಹುಟ್ಟಿ ಗದಗಿನಲ್ಲಿ ಬೆಳೆದ ಭೀಮಸೇನ ಜೋಶಿಯವರು ಬಾಲಕರಿದ್ದಾಗ ಅಂಗಡಿಯ ಮುಂದೆ ನಿಂತು ಗ್ರಾಮಫೋನ್ ತಟ್ಟೆ ಕೇಳುತ್ತಿದ್ದರು. ಅಬ್ದುಲ್ ಕರೀಂ ಖಾನರ ಒಂದು ಠುಮ್ರಿ ಅವರನ್ನು ಹಿಡಿದು ನಿಲ್ಲಿಸಿತು. 1933ರಲ್ಲಿ, ಹನ್ನೊಂದರ ವಯಸ್ಸಿನಲ್ಲಿ, ಗುರುವನ್ನು ಹುಡುಕಿಕೊಂಡು ಮನೆ ಬಿಟ್ಟರು. ಆ ಕಾಲದ ತಟ್ಟೆಯ ಒಂದು ಮಗ್ಗುಲು ಮೂರು ನಿಮಿಷ ಆಚೀಚೆ ಓಡುತ್ತಿತ್ತು. ಕಿವಿಗೆ ತಾಗಿದ ಯಂತ್ರವೂ ಇರಲಿಲ್ಲ, ಹಾಡು ಗಾಳಿಯಲ್ಲಿ ಬರುತ್ತಿತ್ತು. ಇಂದು ಅದೇ ಹಾಡು ಕಿವಿಯಿಂದ ಒಂದು ಬೆರಳಿನಷ್ಟು ದೂರದಲ್ಲಿ, ಬೇಕಾದಷ್ಟು ಹೊತ್ತು ನುಡಿಯುತ್ತದೆ. ಹತ್ತಿರ ಬಂದದ್ದು ಒಳ್ಳೆಯದೇ. ಆದರೆ ಹತ್ತಿರ ಬಂದದ್ದರ ಭಾರವನ್ನೂ ಬಿಸಿಯನ್ನೂ ಕಿವಿಯೇ ಹೊರಬೇಕು.

ಮೊದಲು ಜಾತಿಗಳನ್ನು ತಿಳಿಯೋಣ. ಕಿವಿಯ ತೂತಿನೊಳಗೆ ತುರುಕುವುದು ಇಯರ್‌ಫೋನ್. ತಲೆಯ ಮೇಲೆ ಪಟ್ಟಿ ಇರುವವುಗಳಲ್ಲಿ ಎರಡು ಬಗೆ: ಕಿವಿಯ ಮೇಲೆ ಕೂರುವುದು ಆನ್-ಇಯರ್, ಕಿವಿಯನ್ನು ಸುತ್ತುವರಿದು ತಲೆಬುರುಡೆಯ ಮೇಲೆ ಕೂರುವುದು ಓವರ್-ಇಯರ್. ಆನ್-ಇಯರಿನ ಮೆತ್ತೆ ಕಿವಿಯ ಮೆದು ಎಲುಬನ್ನೇ ತಲೆಗೆ ಒತ್ತುತ್ತದೆ. ಹಾಡೊಂದಕ್ಕೆ, ಫೋನ್ ಮಾತಿಗೆ ನಡೆಯುತ್ತದೆ, ಮೂರು ತಾಸಿನ ಪಾಠಕ್ಕೆ ನಡೆಯುವುದಿಲ್ಲ. ಓವರ್-ಇಯರ್ ಒತ್ತುವುದು ಕಿವಿಯ ಸುತ್ತಲಿನ ಗಟ್ಟಿ ಜಾಗವನ್ನು, ಕಿವಿ ಒಳಗೆ ಬಿಡುವಾಗಿ ಇರುತ್ತದೆ.

ಕೊಳ್ಳುವವರು ಎಡವುವುದು ಇಲ್ಲೇ. ಚಿತ್ರದಲ್ಲಿ ಎರಡೂ ಒಂದೇ ತರ ಕಾಣುತ್ತವೆ. ಸೋನಿಯ ಡಬ್ಲ್ಯುಎಚ್-ಸಿಎಚ್520 ಎಂಬುದು 147 ಗ್ರಾಮಿನ ಆನ್-ಇಯರ್. ಅದೇ ಸಾಲಿನ ಡಬ್ಲ್ಯುಎಚ್-ಸಿಎಚ್720ಎನ್ ಎಂಬುದು 192 ಗ್ರಾಮಿನ ಓವರ್-ಇಯರ್. ಹೆಸರು ಹತ್ತಿರ ಹತ್ತಿರ, ಕೂರುವ ರೀತಿ ಬೇರೆ. ‘ಓವರ್ ದ ಹೆಡ್’ ಎಂದು ಬರೆದಿದ್ದರೆ ಪಟ್ಟಿ ತಲೆಯ ಮೇಲೆ ಹಾಯುತ್ತದೆ ಎಂದಷ್ಟೇ ಅರ್ಥ. ನನ್ನ ಅಳಿಯ ಮೋಸಹೋದದ್ದು ಈ ಮಾತಿಗೇ.

ಹಿತವನ್ನು ಅಳೆಯಬಹುದು, ಅದಕ್ಕೆ ಶಾಲೆಯ ಅಡಿಪಟ್ಟಿ ಸಾಕು. ವಯಸ್ಕರ ಕಿವಿ ಮೇಲಿಂದ ಕೆಳಕ್ಕೆ ಸುಮಾರು ಆರು, ಆರೂವರೆ ಸೆಂಟಿಮೀಟರ್ ಇರುತ್ತದೆ. ವಯಸ್ಸಾದಂತೆ ಇನ್ನಷ್ಟು ಉದ್ದವಾಗುತ್ತದೆ. ತಲೆಯಿಂದ ಹೊರಕ್ಕೆ ಎರಡು ಸೆಂಟಿಮೀಟರ್‌ನಷ್ಟು ಚಾಚಿರುತ್ತದೆ. ಮನೆಯವರ ಕೈಯಲ್ಲಿ ನಿಮ್ಮ ಕಿವಿ ಅಳೆಸಿಕೊಳ್ಳಿ. ಹೆಡ್‌ಫೋನಿನ ಮೆತ್ತೆಯ ಒಳಗಿನ ತೆರಪು ಅದಕ್ಕಿಂತ ತುಸು ದೊಡ್ಡದಿರಬೇಕು. ಹೊರಗಿನ ಸುತ್ತಳತೆ ನೋಡಿ ಮರುಳಾಗಬೇಡಿ, ದಪ್ಪ ಮೆತ್ತೆಯ ನಡುವೆ ಸಣ್ಣ ತೂತು ಇರುವ ಮಾಲು ಬಹಳ. ಆಳವನ್ನೂ ನೋಡಿ. ಆಳ ಸಾಲದಿದ್ದರೆ ಕಿವಿಯ ತುದಿ ಒಳಗಿನ ಸ್ಪೀಕರಿನ ಜಾಳಿಗೆಗೆ ತಾಗುತ್ತದೆ. ಮೊದಲ ಹತ್ತು ನಿಮಿಷ ಗೊತ್ತಾಗದ ಈ ತಾಗುವಿಕೆ ಅರ್ಧ ತಾಸಿಗೆ ಉರಿಯಾಗುತ್ತದೆ.

ಎರಡನೆಯದು ಬಿಗಿ. ಪಟ್ಟಿ ತಲೆಯನ್ನು ಎರಡೂ ಕಡೆಯಿಂದ ಅಮುಕುವ ಬಲ ಹೆಚ್ಚಾದರೆ ದವಡೆಯ ಮೇಲ್ಭಾಗ ನೋಯುತ್ತದೆ, ಕಡಿಮೆಯಾದರೆ ಸಂದಿಯಿಂದ ತಗ್ಗು ಸ್ವರಗಳು ಸೋರಿಹೋಗುತ್ತವೆ. ಹಾಕಿಕೊಂಡು ಬಾಗಿ ಚಪ್ಪಲಿ ಹುಡುಕುವಂತೆ ಮಾಡಿ. ಮುಂದಕ್ಕೆ ಜಾರಬಾರದು. ನೆಟ್ಟಗೆ ನಿಂತು ಎಲೆ ಅಡಿಕೆ ಜಗಿದಂತೆ ಬಾಯಾಡಿಸಿ. ದವಡೆಗೆ ತಡೆಯಾಗಬಾರದು, ದನಿಯೂ ಏರಿಳಿಯಬಾರದು.

ಮೂರನೆಯದು ತೂಕ. ದಿನವಿಡೀ ಹಾಕುವವರಿಗೆ ಕಾಲು ಕಿಲೋ ಒಳಗಿದ್ದರೆ ಒಳ್ಳೆಯದು. ಮುನ್ನೂರು ಗ್ರಾಂ ದಾಟಿದರೆ ಸಂಜೆಯ ಹೊತ್ತಿಗೆ ಕುತ್ತಿಗೆ ಲೆಕ್ಕ ಕೇಳುತ್ತದೆ. ತೂಕ ಎಷ್ಟಿದ್ದರೂ ಅದು ನೆತ್ತಿಯ ಒಂದೇ ಬಿಂದುವಿನ ಮೇಲೆ ಬೀಳಬಾರದು. ಪಟ್ಟಿಯ ಅಡಿಗೆ ಅಗಲವಾದ ಮೆತ್ತೆ ಇದೆಯೇ ಎಂದು ಬೆರಳಿನಿಂದ ಒತ್ತಿ ನೋಡಿ. ಬಟ್ಟಲುಗಳು ಮೇಲೆ ಕೆಳಗೆ ತುಸು ಹೊರಳುವಂತಿದ್ದರೆ ತಲೆಯ ಆಕಾರಕ್ಕೆ ತಾವೇ ಹೊಂದಿಕೊಳ್ಳುತ್ತವೆ.

ನಾಲ್ಕನೆಯದು ನಮ್ಮ ಬಿಸಿಲು. ಇದನ್ನು ಹೊರದೇಶದ ವಿಮರ್ಶಕರು ಬರೆಯುವುದಿಲ್ಲ, ನಾವೇ ಯೋಚಿಸಬೇಕು. ಅಗ್ಗದ ಹೆಡ್‌ಫೋನುಗಳ ಮೆತ್ತೆಗೆ ಹೊದಿಸಿರುವುದು ಚರ್ಮದಂತೆ ಕಾಣುವ ಪ್ಲಾಸ್ಟಿಕ್ ಲೇಪದ ಬಟ್ಟೆ. ಹೊರಗಿನ ಸದ್ದನ್ನು ಅದು ಚೆನ್ನಾಗಿ ತಡೆಯುತ್ತದೆ, ಗಾಳಿಯನ್ನೂ ತಡೆಯುತ್ತದೆ. ಕಪ್ಪತಗುಡ್ಡದ ಕಡೆಯಿಂದ ಬಿಸಿಗಾಳಿ ಬೀಸುವ ದಿನಗಳಲ್ಲಿ, ಕರೆಂಟು ಹೋಗಿ ಫ್ಯಾನು ನಿಂತಾಗ, ಅದರೊಳಗೆ ಕಿವಿ ಬೆವೆತು ತೋಯುತ್ತದೆ. ಬೆವರು ಮತ್ತು ಎಣ್ಣೆ ಲೇಪವನ್ನು ತಿನ್ನುತ್ತಾ ಬಂದು ಒಂದೆರಡು ವರ್ಷದಲ್ಲಿ ಅದು ಸಿಪ್ಪೆ ಏಳುತ್ತದೆ. ಅಳಿಯನ ಕಾಲರಿನ ಮೇಲೆ ಉದುರಿದ್ದು ಅದೇ. ನೇಯ್ದ ಬಟ್ಟೆಯ ಅಥವಾ ಮಖಮಲ್ಲಿನಂಥ ಮೆತ್ತೆ ಬೆವರನ್ನು ಆರಗೊಡುತ್ತದೆ, ಸಿಪ್ಪೆ ಏಳುವುದಿಲ್ಲ. ಹೊರಗಿನ ಸದ್ದು ಸ್ವಲ್ಪ ಹೆಚ್ಚು ಒಳಬರುತ್ತದೆ. ಶಾಂತವಾದ ಖೋಲಿಯಲ್ಲಿ ಓದುವವರಿಗೆ ಬಟ್ಟೆಯ ಮೆತ್ತೆಯೇ ಲೇಸು. ಮೆತ್ತೆ ಕಳಚಿ ಬದಲಿಸುವಂತಿರಲಿ. ಕೆಲವು ನೂರು ರೂಪಾಯಿಗೆ ಹೊಸ ಜೋಡಿ ಹಾಕಿದರೆ ಹೆಡ್‌ಫೋನಿಗೆ ಮರುಹುಟ್ಟು.

ಕನ್ನಡಕ ಹಾಕುವವರು ಹಾಕಿಕೊಂಡೇ ಪರೀಕ್ಷಿಸಬೇಕು. ಗಟ್ಟಿ ಮೆತ್ತೆ ಕನ್ನಡಕದ ಕಡ್ಡಿಯನ್ನು ತಲೆಗೆ ಒತ್ತುತ್ತದೆ, ಮೆತ್ತನೆಯ ನೊರೆ ಇರುವುದು ಕಡ್ಡಿಯನ್ನು ತನ್ನೊಳಗೆ ಎಳೆದುಕೊಳ್ಳುತ್ತದೆ. ಹೆಣ್ಣುಮಕ್ಕಳು ದಿನಾ ಹಾಕುವ ಓಲೆ, ಜುಮುಕಿ ಇಟ್ಟುಕೊಂಡೇ ನೋಡಲಿ. ಕಿವಿಯ ಮೇಲಂಚಿಗೆ ಬುಗುಡಿ ಇಡುವ ಹಿರಿಯರಿಗೆ ಆನ್-ಇಯರ್ ಆಗದ ಮಾತು. ಅಗಲ ತೆರಪಿನ ಓವರ್-ಇಯರ್ ಆದರೆ ಪ್ರವಚನವನ್ನೋ ಭಜನೆಯನ್ನೋ ನೋವಿಲ್ಲದೆ ಕೇಳಬಹುದು.

ಇಷ್ಟೆಲ್ಲ ಗೊತ್ತಾಗಲು ಒಂದೇ ದಾರಿ, ಇಪ್ಪತ್ತು ನಿಮಿಷ ತಲೆಯ ಮೇಲೆ ಇಟ್ಟು ನೋಡುವುದು. ಪೇಟೆಯ ಅಂಗಡಿಯಲ್ಲಿ ಕೊಳ್ಳುವ ದೊಡ್ಡ ಲಾಭ ಇದು. ಅಂಗಡಿಯವರಿಗೆ ಮರ್ಯಾದೆಯಿಂದ ಕೇಳಿ, ಹೊತ್ತು ಕೊಡುತ್ತಾರೆ. ಆನ್‌ಲೈನಿನಲ್ಲಿ ಕೊಳ್ಳುವುದಾದರೆ ವಾಪಸು ತೆಗೆದುಕೊಳ್ಳುವರೇ, ಬರೀ ಬದಲಿಸಿ ಕೊಡುವರೇ ಎಂಬುದನ್ನು ಮೊದಲೇ ಓದಿ. ಕಿವಿ ನೋಯುತ್ತದೆ ಎಂಬ ಕಾರಣಕ್ಕೆ ಅದೇ ಮಾಲು ಇನ್ನೊಮ್ಮೆ ಬಂದರೆ ಉಪಯೋಗವಿಲ್ಲ.

ಪರೀಕ್ಷೆಗೆ ಡಿಜೆ ಹಾಡು ಹಾಕಬೇಡಿ. ನಿಮಗೆ ಚೆನ್ನಾಗಿ ಪರಿಚಯವಿರುವ ಒಂದು ಕನ್ನಡ ದನಿ ಹಾಕಿ. ಧಾರವಾಡ ಆಕಾಶವಾಣಿಯ ವಾರ್ತೆಯಾದರೂ ಸರಿ, ನಿಮ್ಮ ಮೇಷ್ಟ್ರ ಪಾಠವಾದರೂ ಸರಿ. ಮಾತಿನ ಸ್ಪಷ್ಟತೆ ಇರುವುದು ನಡು ಮತ್ತು ಮೇಲಿನ ಸ್ವರಗಳಲ್ಲಿ. ಬೇಸ್ ಉಬ್ಬಿಸಿದ ಹೆಡ್‌ಫೋನಿನಲ್ಲಿ ಅವು ಮುಸುಕಾಗಿ ‘ಸ’ಕ್ಕೂ ‘ಶ’ಕ್ಕೂ, ‘ತ’ಕ್ಕೂ ‘ಟ’ಕ್ಕೂ ಇರುವ ಗೆರೆ ಅಳಿಸುತ್ತದೆ. ಕೇಳುವವನು ಅರಿಯದೆಯೇ ವಾಲ್ಯೂಮ್ ಏರಿಸುತ್ತಾನೆ. ಲಕ್ಷ್ಮೇಶ್ವರದ ಹಳೆಯ ಹೆಸರು ಪುಲಿಗೆರೆ. ಕವಿರಾಜಮಾರ್ಗ ತಿರುಳ್ಗನ್ನಡದ ನಾಡನ್ನು ಗುರುತಿಸುವಾಗ ಹೇಳಿದ ನಾಲ್ಕು ಊರುಗಳಲ್ಲಿ ಅದೂ ಒಂದು. ಅಂಥ ಊರಿನ ಮಕ್ಕಳು ಕನ್ನಡದ ಒಂದೊಂದು ಅಕ್ಷರವನ್ನೂ ಬಿಡಿಬಿಡಿಯಾಗಿ ಕೇಳಿಸುವ ಹೆಡ್‌ಫೋನನ್ನೇ ಆರಿಸಬೇಕು.

ತಂತಿಯದ್ದೋ ಬ್ಲೂಟೂತೋ? ಬಜೆಟ್ ಚಿಕ್ಕದಿದ್ದರೆ ನನ್ನ ಮತ ತಂತಿಗೆ. ಬ್ಲೂಟೂತಿನಲ್ಲಿ ನಿಮ್ಮ ದುಡ್ಡಿನ ಒಂದು ಪಾಲು ಬ್ಯಾಟರಿಗೂ ರೇಡಿಯೋ ಚಿಪ್ಪಿಗೂ ಹೋಗುತ್ತದೆ. ತಂತಿಯದ್ದರಲ್ಲಿ ಅಷ್ಟೂ ದುಡ್ಡು ಸ್ಪೀಕರಿಗೂ ಮೆತ್ತೆಗೂ ಸಲ್ಲುತ್ತದೆ. ಬ್ಯಾಟರಿ ಕೆಲವು ವರ್ಷಕ್ಕೆ ಸೊರಗುತ್ತದೆ. ತಂತಿ ಪಿನ್ನಿನ ಬುಡದಲ್ಲಿ ಹರಿದರೆ ಮೊಬೈಲ್ ರಿಪೇರಿ ಅಂಗಡಿಯಲ್ಲಿ ಬೆಸುಗೆ ಹಾಕಿ ಕೊಡುತ್ತಾರೆ. ಹೊಸ ಫೋನುಗಳಲ್ಲಿ ದುಂಡನೆಯ ತೂತು ಇಲ್ಲದಿದ್ದರೆ ಸಿ-ಪಿನ್ನಿನ ಚಿಕ್ಕ ಕನ್ವರ್ಟರ್ ಬೇಕಾಗುತ್ತದೆ, ಅದನ್ನೂ ನಿಮ್ಮ ಫೋನಿಗೇ ಚುಚ್ಚಿ ನೋಡಿ ಕೊಳ್ಳಿ. ಬ್ಲೂಟೂತೇ ಬೇಕೆಂದರೆ ತಂತಿ ಚುಚ್ಚುವ ತೂತೂ ಇರುವ ಮಾದರಿ ಆರಿಸಿ. ಚಾರ್ಜು ಮುಗಿದ ದಿನ ಪಾಠ ನಿಲ್ಲುವುದಿಲ್ಲ.

ತಂತಿಯದ್ದನ್ನು ಕೊಳ್ಳುವಾಗ ಓಮ್ ಎಂಬ ಅಂಕಿ ನೋಡಿ. 16ರಿಂದ 50ರವರೆಗೆ ಇದ್ದರೆ ಮೊಬೈಲು ಸಲೀಸಾಗಿ ನುಡಿಸುತ್ತದೆ. ಸ್ಟುಡಿಯೋಗಳಿಗೆಂದು ಮಾಡಿದ 250 ಓಮಿನ ಹೆಡ್‌ಫೋನ್ ಎಷ್ಟು ಒಳ್ಳೆಯದಾದರೂ ಮೊಬೈಲಿನಲ್ಲಿ ಪಿಸುಗುಟ್ಟುತ್ತದೆ. ಆಡಿಯೋ-ಟೆಕ್ನಿಕಾದ ಎಟಿಎಚ್-ಎಂ20ಎಕ್ಸ್ 47 ಓಮಿನದು, ಅದರ ಸ್ಪೀಕರ್ 40 ಮಿಲಿಮೀಟರಿನದು. ಅದೇ ಸಾಲಿನ ದುಬಾರಿ ಎಂ50ಎಕ್ಸ್‌ನದು 45 ಮಿಲಿಮೀಟರ್. ಹೀಗಿರುವಾಗ ಸಾವಿರ ರೂಪಾಯಿಯ ಡಬ್ಬಿಯ ಮೇಲೆ ‘50 ಮಿಲಿಮೀಟರ್’ ಎಂದು ದಪ್ಪಕ್ಷರದಲ್ಲಿ ಬರೆದ ಮಾತ್ರಕ್ಕೆ ದನಿ ಹೆಚ್ಚುವುದಿಲ್ಲ. ಮಿನುಗುವ ದೀಪ, ಗೇಮಿಂಗ್ ಕೋಡು, ‘ಎಕ್ಸ್‌ಟ್ರಾ ಬೇಸ್’, ಇವುಗಳಿಗೆ ಕೊಟ್ಟ ದುಡ್ಡು ಮೆತ್ತೆಯಿಂದ ಕಿತ್ತುಕೊಂಡ ದುಡ್ಡು. ಬ್ಲೂಟೂತ್ ಹೆಡ್‌ಫೋನಿಗೆ ಭಾರತೀಯ ಮಾನಕ ಬ್ಯೂರೋದ ನೋಂದಣಿ ಕಡ್ಡಾಯ. ಡಬ್ಬಿಯ ಮೇಲಿನ ‘ಆರ್’ ಅಕ್ಷರದಿಂದ ಶುರುವಾಗುವ ನೋಂದಣಿ ಸಂಖ್ಯೆಯನ್ನು ‘ಬಿಐಎಸ್ ಕೇರ್’ ಆ್ಯಪಿನಲ್ಲಿ ಹಾಕಿ ನೋಡಬಹುದು. ಬಿಲ್ ಇಟ್ಟುಕೊಳ್ಳಿ. ತಕರಾರು ಬಂದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ.

ಗದಗ ಎಂದರೆ ವೀರೇಶ್ವರ ಪುಣ್ಯಾಶ್ರಮ. ಪಂಚಾಕ್ಷರ ಗವಾಯಿಗಳು ಕಟ್ಟಿ, ಪುಟ್ಟರಾಜ ಗವಾಯಿಗಳು ಬೆಳೆಸಿದ ಈ ಆಶ್ರಮ ಕಣ್ಣಿಲ್ಲದ ಎಷ್ಟೋ ಮಕ್ಕಳಿಗೆ ಸಂಗೀತದ ಬದುಕು ಕೊಟ್ಟಿತು. ಗುರುಗಳಿಬ್ಬರೂ ದೃಷ್ಟಿ ಇಲ್ಲದವರೇ. ಸಂಗೀತ ಕಲಿಯುವವರ ಮತ್ತು ಕಿವಿಯಿಂದಲೇ ಓದುವವರ ಅಗತ್ಯ ಉಳಿದವರದ್ದಕ್ಕಿಂತ ಬೇರೆ, ಅದನ್ನು ಬಿಡಿಸಿ ಹೇಳಬೇಕು.

ಎರಡೂ ಕಿವಿ ಮುಚ್ಚಿಕೊಂಡು ಹಾಡಿದರೆ ತನ್ನ ದನಿ ತಲೆಯೊಳಗೆ ಗುಂಯ್ ಎಂದು ತುಂಬಿಕೊಳ್ಳುತ್ತದೆ, ಶ್ರುತಿಯ ಅಂದಾಜು ತಪ್ಪುತ್ತದೆ. ಆದ್ದರಿಂದ ಮೊಬೈಲಿನ ತಂಬೂರಿ ಕೇಳುತ್ತ ರಿಯಾಜು ಮಾಡುವವರು ಒಂದು ಬಟ್ಟಲನ್ನು ಕಿವಿಯ ಹಿಂದಕ್ಕೆ ಸರಿಸಬೇಕು, ಇಲ್ಲವೇ ಹಿಂಬದಿ ಜಾಳಿಗೆ ಇರುವ ತೆರೆದ ಹೆಡ್‌ಫೋನ್ ಆರಿಸಬೇಕು. ಬ್ಲೂಟೂತಿನಲ್ಲಿ ದನಿ ಸೆಕೆಂಡಿನ ಹತ್ತನೆಯ ಒಂದು ಭಾಗ, ಕೆಲವೊಮ್ಮೆ ಅದರ ಇಮ್ಮಡಿ ತಡವಾಗಿ ಬರುತ್ತದೆ. ಎಡೆಬಿಡದೆ ನುಡಿಯುವ ತಂಬೂರಿಗೆ ಇದರಿಂದ ಬಾಧೆಯಿಲ್ಲ. ಆದರೆ ತಬಲಾ ಕೇಳುತ್ತ ತನ್ನ ಹಾಡನ್ನು ಮುದ್ರಿಸಿಕೊಳ್ಳಲು ಹೋದರೆ ಸಮ್ಮಿಗೆ ಬಂದವನು ಹಿಂದೆ ಬೀಳುತ್ತಾನೆ. ಅಲ್ಲಿ ತಂತಿಯೇ ಗತಿ.

ಪರದೆಯ ಅಕ್ಷರವನ್ನು ಓದಿ ಹೇಳುವ ಸ್ಕ್ರೀನ್ ರೀಡರ್ ಬಳಸುವ ಅಂಧ ವಿದ್ಯಾರ್ಥಿಗಳಿಗೂ ತಂತಿಯೇ ಒಳ್ಳೆಯದು. ಹಲವು ಬ್ಲೂಟೂತ್ ಹೆಡ್‌ಫೋನುಗಳು ಸದ್ದಿಲ್ಲದಾಗ ನಿದ್ದೆಗೆ ಜಾರುತ್ತವೆ. ಎಚ್ಚರಗೊಳ್ಳುವಷ್ಟರಲ್ಲಿ ಮೊದಲ ಅಕ್ಷರ ನುಂಗಿಹೋಗಿರುತ್ತದೆ. ‘ಅಳಿಸು’ ಎಂಬುದು ‘ಳಿಸು’ ಎಂದು ಕೇಳಿದರೆ ಕೆಲಸ ಕೆಡುತ್ತದೆ. ಮೇಲಾಗಿ ಸುತ್ತಲಿನ ಸದ್ದೇ ಅವರಿಗೆ ದಾರಿ. ಪೂರ್ತಿ ಮುಚ್ಚಿದ ಬಟ್ಟಲು ಅವರನ್ನು ಕೋಣೆಯಿಂದಲೇ ದೂರ ಮಾಡುತ್ತದೆ. ಹಗುರವಾದ, ತೆರೆದ ಹಿಂಬದಿಯ ಹೆಡ್‌ಫೋನ್ ಅವರಿಗೆ ಹೊಂದುತ್ತದೆ. ಎಂಎನ್‌ಸಿ ಕಚೇರಿಗಳಿಗೆ ಬೇಕಾದ ಗದ್ದಲ ತಡೆಯುವ ಮಾದರಿಯನ್ನು ಇಂಥ ಮಕ್ಕಳಿಗೆ ಕಾಣಿಕೆ ಕೊಡುವ ದಾನಿಗಳು ಮೊದಲು ಅವರನ್ನೇ ಕೇಳಿದರೆ ದಾನ ಸಾರ್ಥಕವಾಗುತ್ತದೆ.

ಗದ್ದಲ ತಡೆಯುವ ತಂತ್ರದ ಬಗ್ಗೆ ಎರಡು ಮಾತು. ಬಟ್ಟಲಿನ ಮೇಲಿನ ಪುಟ್ಟ ಮೈಕು ಹೊರಗಿನ ಸದ್ದನ್ನು ಹಿಡಿಯುತ್ತದೆ. ಒಳಗಿನ ಚಿಪ್ಪು ಅದಕ್ಕೆ ತದ್ವಿರುದ್ಧವಾದ ಅಲೆ ಹುಟ್ಟಿಸಿ ಒಂದರಿಂದ ಇನ್ನೊಂದನ್ನು ಅಳಿಸುತ್ತದೆ. ಬಂಗಾಳಿ ತಂದೆಯ ಮಗ, ಅಮೆರಿಕದ ಅಮರ್ ಬೋಸ್ 1978ರಲ್ಲಿ ವಿಮಾನದಲ್ಲಿ ಕುಳಿತಾಗ ಈ ದಿಕ್ಕಿನಲ್ಲಿ ಲೆಕ್ಕ ಹಾಕತೊಡಗಿದರು. ಒಂದೇ ಸಮನೆ ಮೊರೆಯುವ ತಗ್ಗು ಸದ್ದಿಗೆ, ಅಂದರೆ ಲಕ್ಷ್ಮೇಶ್ವರದ ಬಸ್ಸಿನ ಇಂಜಿನ್ನಿಗೆ, ಖೋಲಿಯ ಕೂಲರಿಗೆ, ಇದು ಚೆನ್ನಾಗಿ ಕೆಲಸ ಮಾಡುತ್ತದೆ. ಮಾತಿಗೆ, ಬಾಗಿಲು ಬಡಿತಕ್ಕೆ, ಬೆಟಗೇರಿಯ ಮಗ್ಗದ ಲಟಪಟಕ್ಕೆ ಅಷ್ಟಾಗಿ ಮಾಡುವುದಿಲ್ಲ. ಚಿಕ್ಕ ಬಜೆಟ್ಟಿನಲ್ಲಿ ಇದಕ್ಕೆ ಹೆಚ್ಚು ಕೊಡುವ ಬದಲು ಸುತ್ತಲೂ ಸರಿಯಾಗಿ ಕೂರುವ ಮೆತ್ತೆಗೆ ಕೊಡುವುದು ಮೇಲು. ವಿದ್ಯುತ್ ಮಗ್ಗದ ಬಳಿ ದುಡಿಯುವವರು ಹಾಡಿನ ಹೆಡ್‌ಫೋನನ್ನು ರಕ್ಷಣೆ ಎಂದು ನಂಬಬಾರದು, ಮಗ್ಗದ ಸದ್ದಿನ ಮೇಲೆ ಹಾಡಿನ ಸದ್ದೂ ಸೇರಿ ಕಿವಿಗೆ ಇಮ್ಮಡಿ ಪೆಟ್ಟು. ಅವರಿಗೆ ಬೇಕಾದದ್ದು ಕಿವಿಬಿರಡೆ. ಬೈಕ್, ಟ್ರ್ಯಾಕ್ಟರ್ ನಡೆಸುವಾಗ, ರೈಲ್ವೆ ಹಳಿ ದಾಟುವಾಗ ಯಾವ ಹೆಡ್‌ಫೋನೂ ಬೇಡ.

ಕೊಂಡ ಮೇಲೆ ಪಾಲನೆ. ಬಿಗಿ ಹೆಚ್ಚಿದ್ದರೆ ಮೊದಲು ಪಟ್ಟಿಯ ಒಳಗೆ ಲೋಹ ಇದೆಯೇ ನೋಡಿ. ಇದ್ದರೆ ನಿಮ್ಮ ತಲೆಗಿಂತ ತುಸು ಅಗಲದ ಪುಸ್ತಕದ ಕಟ್ಟಿಗೆ ರಾತ್ರಿ ತೊಡಿಸಿಡಿ. ಮುದ್ರಣಕ್ಕೆ ಹೆಸರಾದ ಗದಗಿನಲ್ಲಿ ಪುಸ್ತಕಕ್ಕೆ ಬರವಿಲ್ಲ. ನಾಲ್ಕೈದು ರಾತ್ರಿಗೆ ಸಡಿಲವಾಗುತ್ತದೆ. ಬರೀ ಪ್ಲಾಸ್ಟಿಕ್ ಪಟ್ಟಿಯಾದರೆ ಎಳೆಯಬೇಡಿ, ಸೀಳುತ್ತದೆ. ತೆಗೆದೊಡನೆ ಒಣ ಅರಿವೆಯಿಂದ ಮೆತ್ತೆಯ ಬೆವರು ಒರೆಸಿ. ತಲೆಗೆ ಎಣ್ಣೆ ಹಚ್ಚಿದ ದಿನ ಪಟ್ಟಿಯ ಅಡಿಗೆ ತೆಳು ವಸ್ತ್ರ ಹಾಕಿಕೊಳ್ಳಿ.

ಕೊನೆಗೆ, ಎಲ್ಲಕ್ಕಿಂತ ದೊಡ್ಡ ಮಾತು. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ವಯಸ್ಕರು 80 ಡೆಸಿಬಲ್ ಸದ್ದನ್ನು ವಾರಕ್ಕೆ 40 ತಾಸು ಕೇಳಬಹುದು. 90ಕ್ಕೆ ಏರಿದರೆ ವಾರಕ್ಕೆ 4 ತಾಸು ಮಾತ್ರ. ಏರಿದ್ದು ಹತ್ತೇ, ಇಳಿದದ್ದು ಹತ್ತು ಪಟ್ಟು. ಒಳಗಿವಿಯ ಸೂಕ್ಷ್ಮ ರೋಮಕೋಶಗಳು ಒಮ್ಮೆ ಸತ್ತರೆ ಮರಳಿ ಹುಟ್ಟುವುದಿಲ್ಲ. ಮೆತ್ತೆಯನ್ನು ಬದಲಿಸಬಹುದು, ಕಿವಿಯನ್ನು ಬದಲಿಸಲಾಗದು. ಹಿತವಾಗಿ ಕೂತು ಹೊರಗಿನ ಗದ್ದಲ ತಡೆಯುವ ಹೆಡ್‌ಫೋನ್ ವಾಲ್ಯೂಮ್ ತಗ್ಗಿಸಲು ನೆರವಾಗುತ್ತದೆ. ನಾನು ಹಿತಕ್ಕೆ ಇಷ್ಟು ಒತ್ತು ಕೊಡುವುದು ಈ ಕಾರಣಕ್ಕೇ. ಮನೆಯಲ್ಲಿ ಮಾಡುವ ಪರೀಕ್ಷೆ ಸುಲಭ: ಶಾಂತ ಕೋಣೆಯಲ್ಲಿ ಹಾಕಿಕೊಂಡಿದ್ದಾಗ ಕೈಚಾಚುವಷ್ಟು ದೂರದಲ್ಲಿರುವವರ ಕರೆ ಕೇಳಬೇಕು. ಕೇಳದಿದ್ದರೆ ಸದ್ದು ಹೆಚ್ಚಾಗಿದೆ. ತೆಗೆದ ಮೇಲೆ ಕಿವಿ ಗುಂಯ್‌ಗುಟ್ಟಿದರೆ ಮಿತಿ ದಾಟಿದೆ. ಗುಂಯ್ ನಿಲ್ಲದಿದ್ದರೆ ಕಿವಿ ವೈದ್ಯರಲ್ಲಿಗೆ ಹೋಗಬೇಕು.

ಮಾರ್ಚ್ 3 ವಿಶ್ವ ಶ್ರವಣ ದಿನ. ಮೂರರ ಪಕ್ಕ ಮೂರು ಬರೆದರೆ ಎರಡು ಕಿವಿಯಂತೆ ಕಾಣುತ್ತದೆಂದು ಆ ದಿನವನ್ನು ಆರಿಸಿದ್ದಾರೆ. ಪುಟ್ಟರಾಜ ಗವಾಯಿಗಳು ಹುಟ್ಟಿದ್ದೂ ಮಾರ್ಚ್ 3ರಂದೇ, 1914ರಲ್ಲಿ. ಕಿವಿಯೊಂದನ್ನೇ ನೆಚ್ಚಿ ಲೋಕವನ್ನೆಲ್ಲ ಕಂಡ ಗುರುವಿನ ಊರಿನಲ್ಲಿ ಆ ದಿನ ಪ್ರತಿ ಮನೆಯೂ ಮಕ್ಕಳ ಫೋನಿನ ವಾಲ್ಯೂಮನ್ನು ಒಮ್ಮೆ ನೋಡಿದರೆ ಅದೂ ಗುರುಸ್ಮರಣೆಯೇ.

ಅಳಿಯ ಹಳೆಯದನ್ನು ಬಿಟ್ಟು ಬಟ್ಟೆಯ ಮೆತ್ತೆಯ, ತಂತಿಯ ಓವರ್-ಇಯರ್ ಒಂದನ್ನು ಅಳತೆ ನೋಡಿ, ಇಪ್ಪತ್ತು ನಿಮಿಷ ಅಂಗಡಿಯಲ್ಲೇ ಕೂತು ಆರಿಸಿ ತಂದ. ಮೊದಲಿನದಕ್ಕಿಂತ ಇನ್ನೂರು ರೂಪಾಯಿ ಕಡಿಮೆಯೇ ಆಯಿತು. ಮೊನ್ನೆ ಮುಂಡರಗಿಗೆ ಹೋಗಿದ್ದೆ. ಪಡಸಾಲೆಯಲ್ಲಿ ಹೆಡ್‌ಫೋನ್ ಹಾಕಿಕೊಂಡು ಓದುತ್ತ ಕೂತಿದ್ದ. ತಂಗಿ ಚಹಾದ ಕಪ್ಪು ಹಿಡಿದು ಬಂದು ಹತ್ತಿರ ನಿಂತು ಮೆಲ್ಲಗೆ ಹೆಸರು ಹಿಡಿದು ಕರೆದಳು. ಒಂದೇ ಕರೆಗೆ “ಹೂಂ ಅವ್ವಾ” ಎಂದು ಓಗೊಟ್ಟ.